ಒಂದು ಮನೆಯ ವಿದ್ಯುತ್ತಿಗೆ ಗಾಳಿಯಂತ್ರ ಕೇಳುವ ನೆಲವೆಷ್ಟು?

ಗಾಳಿ ವಿದ್ಯುತ್ತಿನ ಬಗ್ಗೆ ಈಚೆಗೆ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ನೆಲದ ಲೆಕ್ಕವನ್ನೇ ಕೇಳಿವೆ. ಕೆಲವರು ಹೊಲ ಕೊಡಬೇಕಾದವರು, ಕೆಲವರು ದೂರದ ಊರಿನಲ್ಲಿ ಕುಳಿತು ಆ ವಿದ್ಯುತ್ತನ್ನು ಬಳಸುವವರು. ಆಯ್ದ ಆರು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಊರಿನ ಎರೆ ಹೊಲಗಳಲ್ಲಿ ಕೆಲವು ವರ್ಷಗಳಿಂದ ಗಾಳಿ ಫ್ಯಾನುಗಳು ಏಳುತ್ತಿವೆ. ಒಂದು ಫ್ಯಾನಿಗೆ ಎರಡು ಮೂರು ಎಕರೆ ಸಾಕು, ಅದರಿಂದ ಸಾವಿರಾರು ಮನೆಗಳಿಗೆ ಕರೆಂಟು ಸಿಗುತ್ತದೆ ಎಂದು ಕಂಪನಿಯವರು ಹೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ತಮ್ಮ, ಒಂದು ಫ್ಯಾನಿಗೆ ನೂರು ಎಕರೆಗೂ ಹೆಚ್ಚು ನೆಲ ಬೇಕು ಎಂದು ಓದಿದ್ದೇನೆ ಎನ್ನುತ್ತಾನೆ. ಯಾರ ಮಾತು ನಿಜ? ಒಂದು ಮನೆಗೆ ಎಷ್ಟು ನೆಲ ಬೀಳುತ್ತದೆ?
— ರೈತರೊಬ್ಬರು, ಯಲಬುರ್ಗಾ ತಾಲ್ಲೂಕು

ಉತ್ತರ: ಇಬ್ಬರ ಮಾತೂ ನಿಜ, ಏಕೆಂದರೆ ಇಬ್ಬರೂ ಬೇರೆ ಬೇರೆ ನೆಲದ ಬಗ್ಗೆ ಹೇಳುತ್ತಿದ್ದಾರೆ. ಕಂಪನಿಯವರು ಹೇಳುವುದು ಯಂತ್ರವು ಉಳುಮೆಯಿಂದ ಕಿತ್ತುಕೊಳ್ಳುವ ನೆಲವನ್ನು. ತಮ್ಮ ಸಹೋದರರು ಹೇಳುವುದು ಒಂದು ಯಂತ್ರಕ್ಕೂ ಇನ್ನೊಂದು ಯಂತ್ರಕ್ಕೂ ನಡುವೆ ಬಿಡಬೇಕಾದ ಅಂತರವನ್ನೂ ಸೇರಿಸಿದ ನೆಲವನ್ನು. ಈ ಎರಡನ್ನೂ ಬೇರ್ಪಡಿಸದೆ ನಡೆಯುವ ವಾದಗಳಲ್ಲಿ ಗಾಳಿ ವಿದ್ಯುತ್ತನ್ನು ಹೊಗಳುವವರು ಮೊದಲನೆಯ ಅಂಕಿಯನ್ನೂ ತೆಗಳುವವರು ಎರಡನೆಯದನ್ನೂ ಹಿಡಿದುಕೊಳ್ಳುತ್ತಾರೆ, ಹೊಲದ ಒಡೆಯನಿಗೆ ಮಾತ್ರ ಪೂರ್ತಿ ಲೆಕ್ಕವನ್ನು ಯಾರೂ ಕೊಡುವುದಿಲ್ಲ. ಆದ್ದರಿಂದ ಒಂದೊಂದನ್ನೂ ಬಿಡಿಸಿಯೇ ನೋಡೋಣ.

ಮೊದಲು ವಿದ್ಯುತ್ತು. ಈಗ ನಮ್ಮ ಬಯಲು ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಬಗೆಯ ಯಂತ್ರದ ಸಾಮರ್ಥ್ಯ 2.1 ಮೆಗಾವಾಟ್, ಅದರ ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ 120 ಮೀಟರ್. ಅದು ವರ್ಷದ 8,760 ಗಂಟೆಯೂ ಪೂರ್ಣ ಬಲದಿಂದ ತಿರುಗಿದ್ದರೆ 1 ಕೋಟಿ 84 ಲಕ್ಷ ಯುನಿಟ್ ಕೊಡುತ್ತಿತ್ತು. ಆದರೆ ಗಾಳಿ ಹಾಗೆ ಬೀಸುವುದಿಲ್ಲ. ಮಳೆಗಾಲದ ರಭಸ, ಬೇಸಿಗೆಯ ಬೆಳಗಿನ ನಿಶ್ಚಲತೆ, ದುರಸ್ತಿಗಾಗಿ ನಿಲ್ಲಿಸುವ ದಿನಗಳು ಎಲ್ಲವನ್ನೂ ಸೇರಿಸಿ ನೋಡಿದಾಗ ಸಾಧಾರಣವಾಗಿ ಒಳ್ಳೆಯ ಜಾಗದಲ್ಲಿ ಪೂರ್ಣ ಸಾಮರ್ಥ್ಯದ ಶೇಕಡ 27ರಷ್ಟು ಕೈಗೆ ಬರುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 50 ಲಕ್ಷ ಯುನಿಟ್ ಆಗುತ್ತದೆ. ಯಂತ್ರದಿಂದ ಮನೆಯ ಮೀಟರಿನವರೆಗೆ ಬರುವಾಗ ತಂತಿಗಳಲ್ಲೂ ಪರಿವರ್ತಕಗಳಲ್ಲೂ ಶೇಕಡ 15ರಷ್ಟು ಸೋರಿಹೋಗುತ್ತದೆ ಎಂದು ಬಿಟ್ಟರೆ ಉಳಿಯುವುದು 42 ಲಕ್ಷದ ಆಸುಪಾಸು. ತಿಂಗಳಿಗೆ 100 ಯುನಿಟ್, ಅಂದರೆ ವರ್ಷಕ್ಕೆ 1,200 ಯುನಿಟ್ ಬಳಸುವ ಕುಟುಂಬವನ್ನು ಅಳತೆಯಾಗಿ ಇಟ್ಟುಕೊಂಡರೆ ಒಂದು ಯಂತ್ರ ಸುಮಾರು 3,500 ಮನೆಗಳ ವರ್ಷದ ಬಳಕೆಗೆ ಸಮನಾದ ವಿದ್ಯುತ್ತನ್ನು ಕೊಡುತ್ತದೆ. ಗಾಳಿ ದುರ್ಬಲವಾಗಿದ್ದು ಶೇಕಡ 20 ಮಾತ್ರ ಸಿಕ್ಕರೆ ಇದು 2,600 ಮನೆಗೆ ಇಳಿಯುತ್ತದೆ, ಶೇಕಡ 35 ಸಿಗುವ ಉತ್ತಮ ಜಾಗದಲ್ಲಿ 4,500ಕ್ಕೆ ಏರುತ್ತದೆ. ಅಮೆರಿಕದ ಒಂದು ಸರಾಸರಿ ಮನೆ ತಿಂಗಳಿಗೆ ಸುಮಾರು 900 ಯುನಿಟ್ ಬಳಸುವುದರಿಂದ ಅಲ್ಲಿನ ಬರಹಗಳಲ್ಲಿ ಕಾಣುವ 'ಒಂದು ಮೆಗಾವಾಟಿಗೆ ಇಷ್ಟು ಮನೆ' ಎಂಬ ಅಂಕಿಯನ್ನು ನಮ್ಮ ಊರಿಗೆ ತಂದು ಹಚ್ಚುವಂತಿಲ್ಲ.

ಇನ್ನು ನೆಲ. ಯಂತ್ರದ ಬುಡದ ಕಾಂಕ್ರೀಟ್ ಅಡಿಪಾಯ ಸುಮಾರು 20 ಮೀಟರ್ ಅಗಲದ್ದು, ಅದರ ಬಹುಪಾಲು ಮಣ್ಣಿನ ಕೆಳಗೆ ಹುದುಗಿರುತ್ತದೆ. ಅದರ ಪಕ್ಕದಲ್ಲಿ ದೊಡ್ಡ ಕ್ರೇನ್ ನಿಲ್ಲಲು ಗಟ್ಟಿ ಮಾಡಿದ ಜಾಗ, ಒಂದು ಟ್ರಾನ್ಸ್‌ಫಾರ್ಮರ್, ಮುಖ್ಯರಸ್ತೆಯಿಂದ ಯಂತ್ರದವರೆಗೆ ಬರುವ ದಾರಿ. ಈ ದಾರಿಯನ್ನು ಕಡಿಮೆ ಅಂದಾಜು ಮಾಡಬಾರದು, ಸುಮಾರು 60 ಮೀಟರ್ ಉದ್ದದ ರೆಕ್ಕೆಯನ್ನು ಇಡಿಯಾಗಿ ಹೊತ್ತು ತರುವ ಲಾರಿ ತಿರುಗಬೇಕಾದರೆ ತಿರುವುಗಳು ಬಹಳ ಅಗಲವಾಗಿರಬೇಕಾಗುತ್ತದೆ. ಇದೆಲ್ಲ ಸೇರಿ ಒಂದು ಯಂತ್ರಕ್ಕೆ 3 ಎಕರೆ ಎಂದು ಹಿಡಿಯುವುದು ನ್ಯಾಯವಾದ ಅಂದಾಜು. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯವು 172 ಯೋಜನೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪ್ರತಿ ಮೆಗಾವಾಟಿಗೆ ಶಾಶ್ವತವಾಗಿ ಬಳಕೆಯಾದ ನೆಲ ಸರಾಸರಿ 0.3 ಹೆಕ್ಟೇರ್, ಅಂದರೆ ಮುಕ್ಕಾಲು ಎಕರೆ. ಕಟ್ಟುವ ಅವಧಿಯಲ್ಲಿ ತಾತ್ಕಾಲಿಕವಾಗಿ ಕೆದಕಿದ ನೆಲವನ್ನೂ ಸೇರಿಸಿದರೆ 1 ಹೆಕ್ಟೇರ್, ಅಂದರೆ ಎರಡೂವರೆ ಎಕರೆ. ನಮ್ಮ 2.1 ಮೆಗಾವಾಟಿನ ಯಂತ್ರಕ್ಕೆ ಇವನ್ನು ಅನ್ವಯಿಸಿದರೆ ಒಂದೂವರೆಯಿಂದ ಐದು ಎಕರೆಯವರೆಗೆ ಬರುತ್ತದೆ, 3 ಎಕರೆ ಎಂಬ ನಮ್ಮ ಅಂದಾಜು ಅದರ ನಡುವೆ ನಿಲ್ಲುತ್ತದೆ.

ನೂರು ಎಕರೆಯ ಮಾತು ಬರುವುದು ಯಂತ್ರಗಳ ನಡುವಿನ ಅಂತರದಿಂದ. ರೆಕ್ಕೆಗಳು ಗಾಳಿಯಿಂದ ಶಕ್ತಿಯನ್ನು ಹೀರಿಕೊಂಡ ಮೇಲೆ ಹಿಂದೆ ಸಾಗುವ ಗಾಳಿ ನಿಧಾನವಾಗಿಯೂ ಕದಡಿಕೊಂಡೂ ಇರುತ್ತದೆ. ಗಾಳಿಯ ಶಕ್ತಿಯಲ್ಲಿ ಶೇಕಡ 59.3ಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಹೀರಲಾರದು ಎಂದು ಜರ್ಮನಿಯ ಭೌತವಿಜ್ಞಾನಿ ಆಲ್ಬರ್ಟ್ ಬೆಟ್ಜ್ ನೂರು ವರ್ಷಗಳ ಹಿಂದೆಯೇ ತೋರಿಸಿದರು. ಆದರೂ ಅಷ್ಟರ ಹತ್ತಿರ ಹೀರಿದ ಗಾಳಿ ಮೇಲಿನ ಪದರಗಳ ಗಾಳಿಯೊಂದಿಗೆ ಬೆರೆತು ಮತ್ತೆ ಚೇತರಿಸಿಕೊಳ್ಳಲು ದೂರ ಬೇಕು. ಆದ್ದರಿಂದ ಗಾಳಿ ಬೀಸುವ ದಿಕ್ಕಿನಲ್ಲಿ ರೆಕ್ಕೆವೃತ್ತದ ವ್ಯಾಸದ ಏಳು ಪಟ್ಟು, ಅಡ್ಡ ದಿಕ್ಕಿನಲ್ಲಿ ಐದು ಪಟ್ಟು ಅಂತರ ಬಿಡುವುದು ಬಹುಕಾಲದಿಂದ ಬಂದ ಪದ್ಧತಿ. 120 ಮೀಟರ್ ವ್ಯಾಸಕ್ಕೆ ಇದು 840 ಮೀಟರ್ ಮತ್ತು 600 ಮೀಟರ್. ಗುಣಿಸಿದರೆ 50 ಹೆಕ್ಟೇರ್, ಅಂದರೆ ಸುಮಾರು 125 ಎಕರೆ.

ಈಗ ಮನೆಯೊಂದರ ಪಾಲು. 3 ಎಕರೆಯನ್ನು 3,500 ಮನೆಗಳಿಗೆ ಹಂಚಿದರೆ ಒಂದು ಮನೆಗೆ 37 ಚದರ ಅಡಿ, ಅಂದರೆ ಆರು ಅಡಿ ಉದ್ದ ಆರು ಅಡಿ ಅಗಲದ ತುಣುಕು. 125 ಎಕರೆಯನ್ನು ಹಂಚಿದರೆ ಒಂದು ಮನೆಗೆ ಸುಮಾರು 1,550 ಚದರ ಅಡಿ, ಅಂದರೆ ಹೆಚ್ಚುಕಡಿಮೆ ಒಂದೂವರೆ ಗುಂಟೆ. ಮೊದಲನೆಯ ತುಣುಕಿನಲ್ಲಿ ಜೋಳ ಬೆಳೆಯಲಾಗದು. ಎರಡನೆಯದರಲ್ಲಿ ಶೇಕಡ 97ರಷ್ಟು ನೆಲ ಮೊದಲಿನಂತೆಯೇ ಉಳುಮೆಗೆ ಸಿಗುತ್ತದೆ, ಕಡಲೆಯನ್ನೂ ಸೂರ್ಯಕಾಂತಿಯನ್ನೂ ಯಂತ್ರದ ಕೆಳಗೇ ಬಿತ್ತಬಹುದು ಎಂಬುದನ್ನು ತಾವು ತಮ್ಮ ಊರಿನಲ್ಲೇ ನೋಡಿರುತ್ತೀರಿ.

ಆದರೂ ಆ 125 ಎಕರೆಯನ್ನು ಕಾಗದದ ಮೇಲಿನ ಅಂಕಿಯೆಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ನಾಲ್ಕು ನಾಲ್ಕು ಎಕರೆಯ ಹಿಡುವಳಿಗಳಿರುವ ಊರಿನಲ್ಲಿ ಅಷ್ಟು ನೆಲ ಮೂವತ್ತು ಕುಟುಂಬಗಳದ್ದು. ಯಂತ್ರ ನಿಲ್ಲುವುದು ಒಬ್ಬರ ಹೊಲದಲ್ಲಿ, ಹಣ ಬರುವುದು ಅವರೊಬ್ಬರಿಗೆ. ಉಳಿದ ಇಪ್ಪತ್ತೊಂಬತ್ತು ಮನೆಯವರ ಹೊಲದ ಮೇಲೆ ಹಾದುಬರುವ ಗಾಳಿಯನ್ನೂ ಅದೇ ಯಂತ್ರ ಬಳಸಿಕೊಂಡಿರುತ್ತದೆ, ಅವರ ಹೊಲದಲ್ಲಿ ಇನ್ನೊಂದು ಯಂತ್ರ ನಿಲ್ಲುವ ಅವಕಾಶ ಮುಗಿದಿರುತ್ತದೆ, ರೆಕ್ಕೆಯ ಸದ್ದೂ ಸಂಜೆಯ ಓಡುವ ನೆರಳೂ ಅವರಿಗೂ ತಪ್ಪುವುದಿಲ್ಲ. ಊರುಗಳಲ್ಲಿ ಕೇಳಿಬರುವ ಅಸಮಾಧಾನದ ಬೇರು ಬಹಳಷ್ಟು ಸಲ ಇಲ್ಲಿದೆ. ಅಮೆರಿಕದ ಕೆಲವು ಯೋಜನೆಗಳಲ್ಲಿ ಯಂತ್ರವಿಲ್ಲದ ನೆರೆಹೊಲದವರಿಗೂ ವರ್ಷಕ್ಕೆ ಇಂತಿಷ್ಟು ಎಂದು ಕೊಡುವ ಪದ್ಧತಿ ಇದೆ. ಡೆನ್ಮಾರ್ಕಿನಲ್ಲಿ 2009ರಿಂದ ಸುಮಾರು ಒಂದು ದಶಕದ ಕಾಲ ಹೊಸ ಗಾಳಿ ಯೋಜನೆಯ ಶೇಕಡ 20ರಷ್ಟು ಪಾಲನ್ನು ನಾಲ್ಕೂವರೆ ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಮಾರಲು ಮುಂದಿಡಬೇಕೆಂಬ ಕಾನೂನೇ ಇತ್ತು. ನಮ್ಮಲ್ಲೂ ಗುತ್ತಿಗೆಯ ಮಾತುಕತೆಯನ್ನು ಸರ್ವೆ ನಂಬರಿನವರೊಬ್ಬರೇ ಮಾಡದೆ ಆ ನೂರಿಪ್ಪತ್ತೈದು ಎಕರೆಯ ಎಲ್ಲರೂ ಕೂಡಿ ಮಾಡುವಂತಾದರೆ ಬಹಳಷ್ಟು ಕಹಿ ಕಡಿಮೆಯಾದೀತು.

ಪ್ರಶ್ನೆ: ಕರ್ನಾಟಕದ ಎಲ್ಲ ಮನೆಗಳಿಗೂ ಗಾಳಿಯಿಂದಲೇ ವಿದ್ಯುತ್ ಕೊಡಬೇಕಾದರೆ ರಾಜ್ಯದ ಎಷ್ಟು ಭಾಗ ಬೇಕಾದೀತು? ಅದು ಸಾಧ್ಯವೇ?
— ಪ್ರೌಢಶಾಲಾ ಶಿಕ್ಷಕಿಯೊಬ್ಬರು, ಬೆಂಗಳೂರು

ಉತ್ತರ: ಮನೆಗಳನ್ನು ಒಂದೂವರೆ ಕೋಟಿ ಎಂದೂ ಪ್ರತಿ ಮನೆಗೆ ತಿಂಗಳಿಗೆ 100 ಯುನಿಟ್ ಎಂದೂ ಇಟ್ಟುಕೊಂಡು ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಸುಮಾರು 4,300 ಯಂತ್ರಗಳು, ಅಂದರೆ 9,000 ಮೆಗಾವಾಟ್ ಬೇಕು. ಅವು ಹರಡಿಕೊಳ್ಳುವ ವಿಸ್ತಾರ ಸುಮಾರು 2,170 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರು ನಗರ ಜಿಲ್ಲೆಯಷ್ಟು. 1,91,791 ಚದರ ಕಿಲೋಮೀಟರಿನ ರಾಜ್ಯದಲ್ಲಿ ಇದು ಶೇಕಡ ಒಂದಕ್ಕಿಂತ ತುಸು ಹೆಚ್ಚು. ಅದರೊಳಗೆ ಬೇರೆ ಯಾವ ಕೆಲಸಕ್ಕೂ ಸಿಗದಂತೆ ಹೋಗುವ ನೆಲ ಸುಮಾರು 12,900 ಎಕರೆ. ರಾಜ್ಯದಲ್ಲಿ ಈಗಾಗಲೇ 6,000 ಮೆಗಾವಾಟಿಗೂ ಹೆಚ್ಚು ಗಾಳಿ ವಿದ್ಯುತ್ ಸಾಮರ್ಥ್ಯ ಸ್ಥಾಪನೆಯಾಗಿದೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯು ನೆಲದಿಂದ 120 ಮೀಟರ್ ಎತ್ತರದಲ್ಲಿ ಕರ್ನಾಟಕದ ಒಟ್ಟು ಸಾಧ್ಯತೆಯನ್ನು ಸುಮಾರು 1,24,000 ಮೆಗಾವಾಟ್ ಎಂದು ಅಂದಾಜಿಸಿದೆ. ಆದ್ದರಿಂದ ನೆಲದ ವಿಸ್ತಾರವೊಂದನ್ನೇ ನೋಡಿದರೆ ಅಡ್ಡಿಯಿಲ್ಲ.

ಅಡ್ಡಿ ಇರುವುದು ಕಾಲದಲ್ಲಿ. ನಮ್ಮ ರಾಜ್ಯದಲ್ಲಿ ಗಾಳಿಯ ಫಸಲು ಮುಖ್ಯವಾಗಿ ನೈಋತ್ಯ ಮುಂಗಾರಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರಗಳು ಹಗಲಿರುಳು ತಿರುಗುತ್ತವೆ. ಬೇಡಿಕೆ ತುತ್ತತುದಿಗೆ ಏರುವ ಫೆಬ್ರುವರಿ, ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅನೇಕ ದಿನ ರೆಕ್ಕೆಗಳು ನಿಂತಿರುತ್ತವೆ. 'ಇಷ್ಟು ಮನೆಗಳಿಗೆ ವಿದ್ಯುತ್' ಎಂಬ ಮಾತು ವರ್ಷದ ಒಟ್ಟು ಮೊತ್ತದ ಮಾತು, ಮಾರ್ಚ್ ತಿಂಗಳ ಒಂದು ರಾತ್ರಿ ಎಂಟು ಗಂಟೆಗೆ ಅಷ್ಟು ಮನೆಗಳ ದೀಪ ಅದರಿಂದ ಉರಿಯುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಹಾಗಾಗಿ ಗಾಳಿಗೆ ಜೊತೆಯಾಗಿ ಬಿಸಿಲು, ಜಲಾಶಯದ ನೀರು, ಬ್ಯಾಟರಿ ಎಲ್ಲವೂ ಬೇಕು, ಆ ಜೊತೆಗಾರರು ಕೇಳುವ ನೆಲವನ್ನೂ ಪ್ರಾಮಾಣಿಕವಾಗಿ ಲೆಕ್ಕಕ್ಕೆ ಹಿಡಿಯಬೇಕು. ಶರಾವತಿ ಕಣಿವೆಯಲ್ಲಿ ಯೋಜಿಸಲಾಗಿರುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ನಡೆಯುತ್ತಿರುವ ವಿವಾದ ಮೂಲತಃ ಇಂಥ ನೆಲದ್ದೇ: ಗಾಳಿ ಬಿಸಿಲುಗಳ ಹೆಚ್ಚುವರಿ ವಿದ್ಯುತ್ತನ್ನು ನೀರಿನ ರೂಪದಲ್ಲಿ ಕೂಡಿಡಲು ಸಿಂಗಳೀಕಗಳ ಕಾಡನ್ನು ಬಿಟ್ಟುಕೊಡಬೇಕೇ ಎಂಬುದು. ನನ್ನ ದೃಷ್ಟಿಯಲ್ಲಿ ಬಿಟ್ಟುಕೊಡಬಾರದು, ಬಯಲಿನಲ್ಲಿ ಬ್ಯಾಟರಿಗೆ ತಗಲುವ ಜಾಗ ಅದರ ಮುಂದೆ ಅತ್ಯಲ್ಪ.

ಇನ್ನೊಂದು ಸಂಗತಿ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕೃಷಿ ಪಂಪ್‌ಸೆಟ್‌ಗಳು ಬಳಸುತ್ತವೆ, ಮೇಲಾಗಿ ಕಾರ್ಖಾನೆಗಳಿವೆ, ಕಚೇರಿಗಳಿವೆ. ಮಕ್ಕಳಿಗೆ ಈ ಲೆಕ್ಕವನ್ನು ಪಾಠವಾಗಿ ಕೊಡುವಾಗ ಮನೆ ಎಂಬುದು ಬಳಕೆಯ ಒಂದು ಪಾಲು ಮಾತ್ರ ಎಂಬುದನ್ನು ಸೇರಿಸಿ ಹೇಳಿ.

ಪ್ರಶ್ನೆ: ಸೌರ ವಿದ್ಯುತ್ತಿಗೂ ಜಲವಿದ್ಯುತ್ತಿಗೂ ಹೋಲಿಸಿದರೆ ಗಾಳಿ ಹೆಚ್ಚು ನೆಲ ನುಂಗುತ್ತದೆಯೇ? ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಕುಟುಂಬದವನಾದ್ದರಿಂದ ಕೇಳುತ್ತಿದ್ದೇನೆ.
— ನಿವೃತ್ತ ಅಂಚೆ ನೌಕರರೊಬ್ಬರು, ಸಾಗರ

ಉತ್ತರ: ತಮ್ಮ ಪ್ರಶ್ನೆಗೆ ತಮ್ಮ ತಾಲ್ಲೂಕಿನಿಂದಲೇ ಉತ್ತರ ಆರಂಭಿಸುವುದು ಸರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೀರಿನಡಿಗೆ ಹೋದದ್ದು 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ, ಅಂದರೆ 74,000 ಎಕರೆಗೂ ಮೀರಿದ ಗದ್ದೆ, ತೋಟ, ಕಾಡು ಮತ್ತು ಊರು. ಅದರ ನೀರಿನಿಂದ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಒಳ್ಳೆಯ ಮಳೆಯ ವರ್ಷದಲ್ಲಿ ಸುಮಾರು 500 ಕೋಟಿ ಯುನಿಟ್ ಕೊಡುತ್ತದೆ. ಮುಳುಗಿದ ಒಂದು ಎಕರೆಗೆ ಭಾಗಿಸಿದರೆ ವರ್ಷಕ್ಕೆ 65,000 ಯುನಿಟಿನ ಆಸುಪಾಸು.

ಪಾವಗಡದ ಸೌರ ಪಾರ್ಕಿನಲ್ಲಿ 2,050 ಮೆಗಾವಾಟಿಗೆ ಸುಮಾರು 13,000 ಎಕರೆ ಹಿಡಿದಿದೆ, ಒಂದು ಮೆಗಾವಾಟಿಗೆ ಆರು ಎಕರೆಗಿಂತ ಕೊಂಚ ಹೆಚ್ಚು. ಒಂದು ಮೆಗಾವಾಟಿನ ಸೌರಫಲಕಗಳು ವರ್ಷಕ್ಕೆ 19 ಲಕ್ಷ ಯುನಿಟ್ ಕೊಡುತ್ತವೆ ಎಂದು ಹಿಡಿದರೆ ಎಕರೆಗೆ ಸುಮಾರು 3 ಲಕ್ಷ ಯುನಿಟ್. ಗಾಳಿಯ ಲೆಕ್ಕವನ್ನು ಹರಡಿದ ವಿಸ್ತಾರಕ್ಕೆ ಭಾಗಿಸಿದರೆ ಎಕರೆಗೆ 40,000 ಯುನಿಟ್ ಮಾತ್ರ, ಮೂರರಲ್ಲಿ ಅತಿ ಕಡಿಮೆ. ನಿಜವಾಗಿ ಕಳೆದುಕೊಂಡ ನೆಲಕ್ಕೆ ಭಾಗಿಸಿದರೆ ಎಕರೆಗೆ 16 ಲಕ್ಷಕ್ಕೂ ಹೆಚ್ಚು, ಮೂರರಲ್ಲಿ ಅತಿ ಹೆಚ್ಚು. ಒಂದೇ ಯಂತ್ರ ಎರಡು ತುದಿಗಳಲ್ಲೂ ನಿಲ್ಲುವುದರಿಂದಲೇ ಈ ವಿಷಯದಲ್ಲಿ ಇಷ್ಟೊಂದು ಗೊಂದಲ.

ಆದರೆ ಎಕರೆ ಎಂಬ ಅಳತೆಯು ಆ ನೆಲದ ಮೇಲೆ ಇದ್ದ ಬದುಕಿಗೆ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಡಿ ಹೋದ ಎಕರೆ ಮರಳಿ ಬರಲಿಲ್ಲ, ಅಲ್ಲಿಂದ ಎದ್ದು ಹೊರಟ ಕುಟುಂಬಗಳಲ್ಲಿ ಅನೇಕರಿಗೆ ಪುನರ್ವಸತಿಯ ಜಾಗದ ಹಕ್ಕುಪತ್ರ ಆರು ದಶಕಗಳ ಮೇಲೂ ದೊರೆತಿಲ್ಲ. ಪಾವಗಡದಲ್ಲಿ ರೈತರು ನೆಲದ ಒಡೆಯರಾಗಿಯೇ ಉಳಿದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭವಾದ, ಎರಡು ವರ್ಷಕ್ಕೊಮ್ಮೆ ಶೇಕಡ 5ರಂತೆ ಏರುವ ಬಾಡಿಗೆ ಪಡೆಯುತ್ತಾರೆ. ಆದರೆ ಬೇಲಿಯೊಳಗೆ ಹೋದ ನೆಲದಲ್ಲಿ ಶೇಂಗಾ ಇಲ್ಲ, ದನಕುರಿಗಳ ಮೇವಿಲ್ಲ, ಸ್ವಂತ ನೆಲವಿಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲೂ ಇಲ್ಲ. ಗಾಳಿಯಂತ್ರ ನಿಂತ ಹೊಲದಲ್ಲಿ ಬಿತ್ತನೆಯೂ ಕಳೆಯೂ ಕೊಯ್ಲೂ ನಡೆಯುತ್ತಿರುತ್ತವೆ, ಆ ಕೂಲಿ ಉಳಿಯುತ್ತದೆ. ಮೂರರಲ್ಲಿ ಯಾವುದನ್ನು ಆರಿಸುತ್ತೀರಿ ಎಂದು ನನ್ನನ್ನು ಕೇಳಿದರೆ ಬಯಲುಸೀಮೆಯ ಉಳುಮೆಯ ನೆಲದಲ್ಲಿ ಗಾಳಿಯನ್ನೂ ಊರು ಪಟ್ಟಣಗಳ ಚಾವಣಿಗಳ ಮೇಲೆ ಬಿಸಿಲನ್ನೂ ಆರಿಸುತ್ತೇನೆ, ಇನ್ನೊಂದು ಮುಳುಗಡೆಯನ್ನು ಖಂಡಿತ ಆರಿಸುವುದಿಲ್ಲ.

ಪ್ರಶ್ನೆ: ಯಂತ್ರಗಳು ದೊಡ್ಡದಾಗುತ್ತಾ ಹೋದಂತೆ ಬೇಕಾಗುವ ನೆಲ ಕಡಿಮೆಯಾಗುವುದಿಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು, ದಾವಣಗೆರೆ

ಉತ್ತರ: ಹರಡುವ ವಿಸ್ತಾರ ಕಡಿಮೆಯಾಗುವುದಿಲ್ಲ. ವ್ಯಾಸ ಎರಡರಷ್ಟಾದರೆ ರೆಕ್ಕೆಗಳು ಗುಡಿಸುವ ವೃತ್ತ ನಾಲ್ಕರಷ್ಟಾಗುತ್ತದೆ, ಶಕ್ತಿಯೂ ನಾಲ್ಕರಷ್ಟು. ಆದರೆ ಅಂತರವನ್ನೂ ವ್ಯಾಸದ ಲೆಕ್ಕದಲ್ಲೇ ಬಿಡಬೇಕಾದ್ದರಿಂದ ಪ್ರತಿ ಯಂತ್ರದ ಪಾಲಿನ ನೆಲವೂ ನಾಲ್ಕರಷ್ಟಾಗಿ ಎರಡೂ ಸರಿಹೋಗುತ್ತವೆ. ಲಾಭ ಇರುವುದು ಎತ್ತರದಲ್ಲಿ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ ಸೆಕೆಂಡಿಗೆ 6 ಮೀಟರ್ ಇದ್ದ ವೇಗ 7 ಆದರೆ ಶಕ್ತಿ ಶೇಕಡ 59ರಷ್ಟು ಹೆಚ್ಚುತ್ತದೆ, ಎತ್ತರಕ್ಕೆ ಹೋದಷ್ಟೂ ವೇಗ ಸಿಗುತ್ತದೆ. ಜೊತೆಗೆ ಅಡಿಪಾಯಗಳೂ ದಾರಿಗಳೂ ಕಡಿಮೆ ಸಾಕು. 800 ಕಿಲೋವಾಟಿನ ಹಳೆಯ ಯಂತ್ರ ಶೇಕಡ 20ರ ಲೆಕ್ಕದಲ್ಲಿ ವರ್ಷಕ್ಕೆ 14 ಲಕ್ಷ ಯುನಿಟ್ ಕೊಡುತ್ತಿದ್ದರೆ ಅಂಥ ಮೂರು ನಾಲ್ಕು ಯಂತ್ರಗಳ ಕೆಲಸವನ್ನು 2.1 ಮೆಗಾವಾಟಿನ ಒಂದೇ ಯಂತ್ರ ಮಾಡುತ್ತದೆ. ಹಳೆಯ ಯಂತ್ರಗಳನ್ನು ಕಳಚಿ ಅದೇ ಜಾಗದಲ್ಲಿ ಹೊಸದನ್ನು ನಿಲ್ಲಿಸುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಒಂದು ನೀತಿಯನ್ನು ತಂದು 2023ರಲ್ಲಿ ಪರಿಷ್ಕರಿಸಿದೆ. ಹೊಸ ನೆಲಕ್ಕೆ ಕೈಹಾಕುವ ಮೊದಲು ಈ ಕೆಲಸ ಆಗಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಪ್ರಶ್ನೆ: ಉಳುಮೆಯ ನೆಲ ಉಳಿಸಲು ಫ್ಯಾನುಗಳನ್ನು ಗುಡ್ಡಗಳ ಮೇಲೆಯೇ ಹಾಕಬಹುದಲ್ಲವೇ? ಅಲ್ಲಿ ಯಾರ ಹೊಲವೂ ಹೋಗುವುದಿಲ್ಲ.
— ಗೃಹಿಣಿಯೊಬ್ಬರು, ಚಿತ್ರದುರ್ಗ

ಉತ್ತರ: ಮೊದಲು ಹಾಗೆಯೇ ಮಾಡಿದರು. ಗೋಪುರಗಳು ಕುಳ್ಳಗಿದ್ದ ಕಾಲದಲ್ಲಿ ಜೋರು ಗಾಳಿ ಬೇಕೆಂದರೆ ಗುಡ್ಡದ ನೆತ್ತಿಯೇ ಗತಿಯಾಗಿತ್ತು, ತಮ್ಮ ಜೋಗಿಮಟ್ಟಿಯ ಸಾಲಿನಲ್ಲೂ ಗದಗದ ಕಪ್ಪತಗುಡ್ಡದ ಸುತ್ತಲೂ ಯಂತ್ರಗಳು ಬಂದದ್ದು ಆ ಕಾರಣಕ್ಕೆ. ಈಗ ಗೋಪುರಗಳು 120ರಿಂದ 140 ಮೀಟರ್ ಎತ್ತರಕ್ಕೆ ಹೋಗಿರುವುದರಿಂದ ಕೊಪ್ಪಳ, ಗದಗ, ವಿಜಯಪುರದ ಸಮತಟ್ಟಾದ ಹೊಲಗಳಲ್ಲೂ ಬೇಕಾದಷ್ಟು ಗಾಳಿ ಸಿಗುತ್ತದೆ.

ಗುಡ್ಡದಲ್ಲಿ ಯಾರ ಹೊಲವೂ ಹೋಗುವುದಿಲ್ಲ ಎಂಬುದು ಪಹಣಿಯ ದೃಷ್ಟಿಯಿಂದ ಮಾತ್ರ ನಿಜ. ಬಯಲಿನಲ್ಲಿ ಒಂದು ಯಂತ್ರಕ್ಕೆ ನೇರವಾದ ಬಂಡಿದಾರಿಯನ್ನು ಅಗಲಿಸಿದರೆ ಸಾಕಾಗಬಹುದು. ಗುಡ್ಡದಲ್ಲಿ ಅದೇ ಯಂತ್ರಕ್ಕೆ ಇಳಿಜಾರನ್ನು ಕಡಿದು ಸುತ್ತುಬಳಸಿ ರಸ್ತೆ ಏರಿಸಬೇಕು, ಕಡಿದ ಮಣ್ಣು ಮೊದಲ ಮಳೆಗೇ ಹಳ್ಳಕ್ಕೆ ಇಳಿದು ಕೆಳಗಿನ ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಔಷಧೀಯ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇಂಥ ಒಣ ಗುಡ್ಡಗಳ ಹುಲ್ಲು ಮತ್ತು ಕುರುಚಲು ಕಾಡನ್ನು ಪಾಳುಭೂಮಿ ಎಂದು ಕರೆಯುವ ಅಭ್ಯಾಸವನ್ನು ನಾವು ಬಿಡಬೇಕಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಳಿಯಂತ್ರಗಳಿರುವ ಕಡೆ ಬೇಟೆಹಕ್ಕಿಗಳ ಸಂಖ್ಯೆ ಯಂತ್ರಗಳಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆಯಿತ್ತು, ಅದರ ಪರಿಣಾಮವಾಗಿ ಹಲ್ಲಿಜಾತಿಯ ಓತಿಗಳ ಸಂಖ್ಯೆ ಹೆಚ್ಚಿತ್ತು, ಅವುಗಳ ನಡವಳಿಕೆಯೂ ಬದಲಾಗಿತ್ತು. ಕಾಂಕ್ರೀಟ್ ಮುಟ್ಟಿದ ನೆಲವನ್ನು ಮಾತ್ರ ಅಳೆದರೆ ಈ ಬಗೆಯ ಪರಿಣಾಮ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಗುಡ್ಡ ಬೇಡ, ಈಗಾಗಲೇ ರಸ್ತೆ ಬದುಗಳಿರುವ ಉಳುಮೆಯ ಬಯಲೇ ಇರಲಿ ಎಂಬುದು ನನ್ನ ನಿಲುವು. ರೈತರಿಗೆ ಸರಿಯಾದ ಬಾಡಿಗೆ ಸಿಗಬೇಕೆಂಬುದು ಅದರ ಜೊತೆಗೇ ಬರುವ ಮಾತು.

ಪ್ರಶ್ನೆ: ನಮ್ಮ ಹೊಲದಲ್ಲಿ ಫ್ಯಾನ್ ಹಾಕಲು ಮಧ್ಯವರ್ತಿಯೊಬ್ಬರು ಬಂದು ಕೇಳುತ್ತಿದ್ದಾರೆ. ಎರಡೂವರೆ ಎಕರೆ ಬರೆದುಕೊಡಿ, ಉಳಿದದ್ದನ್ನು ಎಂದಿನಂತೆ ಉಳಬಹುದು ಎನ್ನುತ್ತಾರೆ. ಏನನ್ನು ನೋಡಿಕೊಳ್ಳಬೇಕು? ಮನೆಯ ಮೇಲೆ ಸಣ್ಣ ಫ್ಯಾನ್ ಹಾಕಿ ನಮ್ಮದೇ ಕರೆಂಟು ಮಾಡಿಕೊಳ್ಳುವುದು ಒಳ್ಳೆಯದಲ್ಲವೇ ಎಂದು ಮಗಳು ಕೇಳುತ್ತಾಳೆ.
— ಅಣ್ಣ ತಮ್ಮಂದಿರಿಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮಗಳ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಎರಡು ಮೀಟರ್ ವ್ಯಾಸದ ಸಣ್ಣ ಯಂತ್ರವನ್ನು ಚಾವಣಿಯ ಮೇಲೆ ಇಟ್ಟರೆ, ಮನೆ ಮರಗಳ ಎತ್ತರದಲ್ಲಿ ಗಾಳಿಯ ವೇಗ ಸೆಕೆಂಡಿಗೆ 4 ಮೀಟರ್ ಇದ್ದಾಗ ಅದು ಕೊಡುವುದು ಮೂವತ್ತು ಮೂವತ್ತೈದು ವಾಟ್ ಅಷ್ಟೇ. ಗೋಡೆ ಮರಗಳಿಗೆ ತಾಗಿ ಕದಡಿದ ಗಾಳಿಯಲ್ಲಿ ಅದೂ ನಿಲ್ಲುವುದಿಲ್ಲ. ಚಾವಣಿಗೆ ಸೌರಫಲಕವೇ ಸರಿ, ಗಾಳಿಯ ಕೆಲಸ ಎತ್ತರದ ಗೋಪುರಕ್ಕೆ ಬಿಟ್ಟದ್ದು.

ಇನ್ನು ಬರೆದುಕೊಡುವ ವಿಷಯ. ಮಾರಾಟವೋ ಗುತ್ತಿಗೆಯೋ ಎಂಬುದು ಕಾಗದದಲ್ಲಿ ಸ್ಪಷ್ಟವಾಗಿರಬೇಕು. ಮಾತಿನಲ್ಲಿ ಗುತ್ತಿಗೆ ಎಂದು ಹೇಳಿ ಕ್ರಯಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಸಾಧ್ಯತೆ ಇರುವುದರಿಂದ ಪತ್ರವನ್ನು ಮನೆಗೆ ತಂದು, ಮಧ್ಯವರ್ತಿಗೆ ಸಂಬಂಧಪಡದ ವಕೀಲರಿಂದ ಓದಿಸಿ. ನನ್ನ ಸಲಹೆ ಗುತ್ತಿಗೆಯೇ, ಏಕೆಂದರೆ ಯಂತ್ರದ ಆಯುಷ್ಯ ಇಪ್ಪತ್ತರಿಂದ ಇಪ್ಪತ್ತೈದು ವರ್ಷ, ನೆಲಕ್ಕೆ ಅಂಥ ಮಿತಿಯಿಲ್ಲ. ಒಂದು ವರ್ಷ ಮೀರಿದ ಯಾವ ಗುತ್ತಿಗೆಯೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ 11-ಇ ನಕ್ಷೆ ಕಡ್ಡಾಯ. ಜಂಟಿ ಖಾತೆಯಾಗಿದ್ದರೆ ಸಹೋದರಿಯರೂ ಸೇರಿ ಎಲ್ಲ ಹಕ್ಕುದಾರರ ಒಪ್ಪಿಗೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ.

'ಎರಡೂವರೆ ಎಕರೆ' ಎಂಬ ಮಾತಿನಲ್ಲಿ ದಾರಿ ಸೇರಿದೆಯೇ ಎಂದು ಕೇಳಿ. ಬಹಳಷ್ಟು ಜಗಳ ಹುಟ್ಟುವುದು ದಾರಿಯಿಂದ, ತಂತಿಕಂಬಗಳಿಂದ, ಕಟ್ಟುವ ಕಾಲದಲ್ಲಿ ಕ್ರೇನ್ ತುಳಿದು ಹಾಳುಮಾಡಿದ ಬೆಳೆಯಿಂದ ಮತ್ತು ದಾರಿ ಎತ್ತರಿಸಿದ್ದರಿಂದ ಮಳೆನೀರು ಪಕ್ಕದ ಹೊಲಕ್ಕೆ ನುಗ್ಗುವುದರಿಂದ. ಇವುಗಳಿಗೆ ಪ್ರತ್ಯೇಕ ಪರಿಹಾರವನ್ನು, ಮೋರಿಗಳು ಎಲ್ಲೆಲ್ಲಿ ಬರಬೇಕು ಎಂಬುದನ್ನೂ ಪತ್ರದಲ್ಲೇ ಬರೆಸಿ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರುತ್ತದೆ, ಕಂಪನಿ ಕೈಬದಲಾದರೆ ಹೊಸಬರು ಅದೇ ಕರಾರಿಗೆ ಬದ್ಧರೇ, ಅವಧಿ ಮುಗಿದ ಮೇಲೆ ಯಂತ್ರವನ್ನೂ ಅಡಿಪಾಯದ ಮೇಲ್ಭಾಗವನ್ನೂ ಯಾರ ಖರ್ಚಿನಲ್ಲಿ ತೆಗೆಯುವುದು, ಅದಕ್ಕೆ ಈಗಲೇ ಠೇವಣಿ ಇಡುತ್ತಾರೆಯೇ ಎಂಬ ಪ್ರಶ್ನೆಗಳಿಗೂ ಬಾಯಿಮಾತಿನ ಉತ್ತರ ಸಾಲದು.

ಕೊನೆಯದಾಗಿ, ಮನೆ ಹೊಲದಲ್ಲೇ ಇದ್ದರೆ ಅಂತರವನ್ನು ಟೇಪು ಹಿಡಿದು ಅಳೆಸಿ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ ವಾಸದ ಮನೆಯಿಂದ 500 ಮೀಟರ್ ಒಳಗೆ ಯಂತ್ರ ನಿಲ್ಲಿಸಬಾರದು, ಸಾರ್ವಜನಿಕ ರಸ್ತೆಯಿಂದ ಗೋಪುರದ ಎತ್ತರಕ್ಕೆ ರೆಕ್ಕೆವೃತ್ತದ ವ್ಯಾಸದ ಅರ್ಧವನ್ನೂ ಇನ್ನೈದು ಮೀಟರನ್ನೂ ಕೂಡಿಸಿದಷ್ಟು ದೂರವಿರಬೇಕು. 140 ಮೀಟರಿನ ಗೋಪುರಕ್ಕೂ 120 ಮೀಟರಿನ ವೃತ್ತಕ್ಕೂ ಇದು 205 ಮೀಟರ್ ಆಗುತ್ತದೆ. ಯಂತ್ರ ನಿಲ್ಲುವ ಬಿಂದುವನ್ನು ಗುರುತಿಸಿದ ನಕ್ಷೆಯ ಪ್ರತಿಯನ್ನು ಸಹಿ ಹಾಕುವ ಮೊದಲೇ ಕೇಳಿ ಪಡೆಯಿರಿ, ಅದನ್ನು ಅಕ್ಕಪಕ್ಕದ ಹೊಲದವರಿಗೂ ತೋರಿಸಿ.